ಅಮ್ಮನ ಸಂಧ್ಯಾ ಸುರಕ್ಷಾ ಹಣ 7 ತಿಂಗಳಿಂದ ಬಂದಿಲ್ಲ, ಕಚೇರಿಯಲ್ಲಿ ಫೋನ್ ಎತ್ತುವವರಿಲ್ಲ, ಏನು ಮಾಡೋದು?

ಹಾಸನದ_ಹುಡುಗ

ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಬೆಂಗಳೂರಲ್ಲಿ, ಪೀಣ್ಯದ ಹತ್ತಿರ. ಅಮ್ಮ ಊರಲ್ಲಿದ್ದಾಳೆ. ಹಾಸನ ಜಿಲ್ಲೆ, ತಾಲ್ಲೂಕಿನ ಹೆಸರು ಬೇಡ. ವಯಸ್ಸು 71. ಆರು ವರ್ಷದಿಂದ ಸಂಧ್ಯಾ ಸುರಕ್ಷಾ ಬರುತ್ತಿತ್ತು, ಈಗ ತಿಂಗಳಿಗೆ 1200 ರೂಪಾಯಿ. ಅಮ್ಮನ ಬಾಯಲ್ಲಿ ಅದು ಪಿಂಚಣಿ ಅಲ್ಲ, "ಸಂಬಳ". ಬಿಪಿ ಮಾತ್ರೆ, ಎಲೆ ಅಡಿಕೆ, ಮೊಮ್ಮಕ್ಕಳ ಕೈಗೆ ಕೊಡುವ ಹತ್ತು ಇಪ್ಪತ್ತು ಎಲ್ಲಾ ಅದರಲ್ಲೇ. ನಾನು ಕಳಿಸಿದ್ದು ಹಾಗೇ ಇರುತ್ತೆ, "ಅದು ನಿಂದು, ಇದು ನಂದು" ಅನ್ನುತ್ತಾಳೆ.

ಏಳು ತಿಂಗಳಿಂದ ಒಂದು ಪೈಸೆ ಇಲ್ಲ. ಮೊದಲು ನನಗೆ ಹೇಳಲೇ ಇಲ್ಲ, ಸರ್ಕಾರ ಒಟ್ಟಿಗೆ ಹಾಕುತ್ತೇನೋ ಅಂತ ಕಾದಳಂತೆ. ಹಬ್ಬಕ್ಕೆ ಹೋದಾಗ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಕೈಗಿಟ್ಟಳು. ಪ್ರತಿ ತಿಂಗಳೂ ಬ್ಯಾಂಕಿಗೆ ಹೋಗಿ ಎಂಟ್ರಿ ಮಾಡಿಸಿಕೊಂಡು ಬಂದಿದ್ದಾಳೆ, ಕೊನೆಯ 1200ರ ಕೆಳಗೆ ಬರೀ ಬಡ್ಡಿಯ ಎರಡು ಸಾಲು.

ಬೆಂಗಳೂರಿಗೆ ವಾಪಸ್ ಬಂದು ತಾಲ್ಲೂಕು ಕಚೇರಿಯ ಲ್ಯಾಂಡ್‌ಲೈನಿಗೆ ಫೋನ್ ಮಾಡಲು ಶುರು ಮಾಡಿದೆ. ಬೆಳಗ್ಗೆ ಮಾಡಿದರೆ ರಿಂಗ್ ಆಗಿ ಆಗಿ ಕಟ್. ಮಧ್ಯಾಹ್ನ ಎಂಗೇಜ್. ಎರಡು ವಾರದಲ್ಲಿ ಒಂದೇ ಒಂದು ಸಲ ಎತ್ತಿದರು, "ಪೆನ್ಷನ್ ಸೆಕ್ಷನ್ ಕೊಡಿ ಸರ್" ಅಂದೆ, "ಅವರು ಸೀಟಲ್ಲಿಲ್ಲ" ಅಂತ ಇಟ್ಟರು. ಕೊನೆಗೆ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ನಾನೇ ಹೋದೆ. ಕಿಟಕಿಗೆ ಒಂದು ರಟ್ಟು ಒರಗಿಸಿ "ಸರ್ವರ್ ಇಲ್ಲ" ಅಂತ ಮಾರ್ಕರಿನಲ್ಲಿ ಬರೆದಿದ್ದರು. ಆ ರಟ್ಟಿನ ಮೂಲೆ ಸವೆದು ಹೋಗಿತ್ತು, ಅಂದರೆ ದಿನಾ ಕೆಲಸಕ್ಕೆ ಬರುವ ರಟ್ಟು ಅದು. ಮೂರು ಗಂಟೆ ಮೇಲೆ ಸರ್ವರ್ ಬಂತು. ಕೇಸ್‌ವರ್ಕರ್ ಆಧಾರ್ ನಂಬರ್ ಹೊಡೆದು ನೋಡಿ "ನಮ್ಮಲ್ಲಿ ಆ್ಯಕ್ಟಿವ್ ಇದೆ, ದುಡ್ಡು ಹೋಗ್ತಾ ಇದೆ, ಬ್ಯಾಂಕಲ್ಲಿ ಕೇಳಿ" ಅಂದರು. ಬ್ಯಾಂಕಿಗೆ ಓಡಿದೆ. ಅಲ್ಲಿ "ಆಧಾರ್ ಲಿಂಕ್ ಆಗಿದೆ, ನಮ್ಮ ಕಡೆ ಏನೂ ತೊಂದರೆ ಇಲ್ಲ, ತಾಲ್ಲೂಕು ಆಫೀಸಲ್ಲಿ ಕೇಳಿ" ಅಂದರು. ಅಷ್ಟರಲ್ಲಿ ಊರಿನ ಕೊನೆ ಬಸ್ಸಿನ ಹೊತ್ತಾಯಿತು.

ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರು 1500 ಕೊಟ್ಟರೆ ಹೊಸದಾಗಿ ಅರ್ಜಿ ಹಾಕಿ ಮಾಡಿಸಿಕೊಡ್ತೀನಿ ಅಂದರು. ಕೊಡಬೇಕಾ? ಫೋನಲ್ಲೇ ಕೇಳುವ ದಾರಿ ಬೇರೆ ಏನಾದರೂ ಇದೆಯಾ? ಪ್ರತಿ ಸಲ ರಜೆ ಹಾಕಲು ಆಗಲ್ಲ, ದಿನಗೂಲಿ ಲೆಕ್ಕದ ಕೆಲಸ ನಂದು.

ತೋಟದ_ಮನೆ

ಹೊಸ ಅರ್ಜಿ ಹಾಕಿಬಿಡಿ. ಹಳೇದರ ಹಿಂದೆ ಬಿದ್ದರೆ ವರ್ಷ ಆಗುತ್ತೆ. ನಮ್ಮ ಚಿಕ್ಕಪ್ಪನಿಗೆ ಹಾಗೇ ಮಾಡಿಸಿದ್ದು.

ನಿವೃತ್ತ_ಶಾನುಭೋಗ

ಮೇಲಿನವರ ಮಾತು ಕೇಳಬೇಡಿ, ತಪ್ಪು ತಿಳಿಯಬೇಡಿ ಸ್ವಾಮಿ. ಅವರ ಚಿಕ್ಕಪ್ಪನ ಮಂಜೂರಾತಿ ರದ್ದಾಗಿತ್ತೇನೋ, ಆಗ ಹೊಸ ಅರ್ಜಿ ಸರಿ. ಇಲ್ಲಿ ಹಳೆಯ ಮಂಜೂರಾತಿ ಜೀವಂತ ಇದೆ. ಅದೇ ಆಧಾರ್‌ಗೆ ಇನ್ನೊಂದು ಅರ್ಜಿ ಹಾಕಿದರೆ ಅದು ಡೂಪ್ಲಿಕೇಟ್ ಅಂತ ನಿಲ್ಲುತ್ತೆ, ಆಮೇಲೆ ಎರಡನ್ನೂ ಬಿಡಿಸಿಕೊಂಡು ಕೂರಬೇಕು. ಬಾಕಿ ಏಳು ತಿಂಗಳನ್ನು ಕೇಳುವುದಕ್ಕೂ ಬಾಯಿ ಇರಲ್ಲ. ಜೆರಾಕ್ಸ್ ಅಂಗಡಿಯವನಿಗೆ ಹತ್ತು ರೂಪಾಯಿ ಕೊಟ್ಟು ಜೆರಾಕ್ಸ್ ಮಾತ್ರ ಮಾಡಿಸಿಕೊಳ್ಳಿ.

ನಾನು ಕಂದಾಯ ಇಲಾಖೆಯಲ್ಲಿ ಸರ್ವೀಸು ಮುಗಿಸಿದವನು. ಈ ಯೋಜನೆ 2007ರಲ್ಲಿ ಶುರುವಾದಾಗ ತಿಂಗಳಿಗೆ 400 ರೂಪಾಯಿ, ಪೋಸ್ಟ್‌ಮ್ಯಾನ್ ಮನಿಆರ್ಡರ್ ತರುತ್ತಿದ್ದ. ಬರಲಿಲ್ಲ ಅಂದರೆ ಮುದುಕಮ್ಮಂದಿರು ಪೋಸ್ಟಾಫೀಸಿನ ಕಟ್ಟೆ ಮೇಲೆ ಕೂತು ಅವನನ್ನೇ ಹಿಡಿಯುತ್ತಿದ್ದರು. ಈಗ ಹಿಡಿಯೋಣ ಅಂದರೆ ಮನುಷ್ಯನೇ ಸಿಗಲ್ಲ. ತಾಲ್ಲೂಕು ಕಚೇರಿ ಆದೇಶ ಮಾಡುತ್ತೆ, ದುಡ್ಡು ಖಜಾನೆಯಿಂದ ಹೊರಡುತ್ತೆ, ಯಾವ ಖಾತೆಗೆ ಹೋಗಬೇಕು ಅಂತ ಆಧಾರ್ ನಂಬರ್ ಹೇಳುತ್ತೆ. ಅದಕ್ಕೇ ಇಬ್ಬರೂ ನಿಮ್ಮನ್ನು ಆ ಕಡೆ ಈ ಕಡೆ ಓಡಿಸಿದ್ದು. ಇಬ್ಬರೂ ಸುಳ್ಳು ಹೇಳಿಲ್ಲ, ಅದೇ ತಮಾಷೆ.

ಪಿಂಚಣಿ ನಿಂತಾಗ ನಾವು ಮೊದಲು ನೋಡುತ್ತಿದ್ದುದು ಒಂದೇ: ನಿಂತಿರುವುದು ಆದೇಶವೋ, ದುಡ್ಡೋ. ಆದೇಶ ನಿಲ್ಲುವುದಕ್ಕೆ ಕಾರಣ ಬೇರೆ ಇರುತ್ತವೆ. ಪರಿಶೀಲನೆಗೆ ಬಂದಾಗ ಫಲಾನುಭವಿ ಊರಲ್ಲಿರಲಿಲ್ಲ, ವರ್ಷದ ಆದಾಯ 32,000 ದಾಟಿದೆ ಅಂತ ಯಾರೋ ಬರೆದರು, ಆಧಾರಲ್ಲಿ ವಯಸ್ಸು 65ಕ್ಕಿಂತ ಕಮ್ಮಿ ಕಾಣಿಸಿತು, ಇಂಥವು. ನಿಮ್ಮ ಕೇಸಲ್ಲಿ "ಆ್ಯಕ್ಟಿವ್ ಇದೆ, ಹೋಗ್ತಾ ಇದೆ" ಅಂದರಲ್ವಾ? ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ದುಡ್ಡು ಹೊರಟಿದೆ, ನಿಮ್ಮ ಪಾಸ್‌ಬುಕ್ಕಿಗೆ ಬಂದಿಲ್ಲ. ಹಾಗಾದರೆ ಇನ್ನೆಲ್ಲೋ ಬಿದ್ದಿದೆ, ಇಲ್ಲವೇ ವಾಪಸ್ ಹೋಗಿದೆ.

ಒಂದು ಕೇಳುತ್ತೇನೆ. ಅಮ್ಮನ ಹೆಸರಿಗೆ ಗೃಹಲಕ್ಷ್ಮಿ 2000 ಬರುತ್ತಾ? ಬರುತ್ತಿದ್ದರೆ ಯಾವ ಬ್ಯಾಂಕಿಗೆ?

ಹಾಸನದ_ಹುಡುಗ

ಇಲ್ಲ ಸರ್, ರೇಷನ್ ಕಾರ್ಡಲ್ಲಿ ಯಜಮಾನಿ ನಮ್ಮ ಅತ್ತಿಗೆ. ಅವರಿಗೆ ಬರುತ್ತೆ.

ನಿವೃತ್ತ_ಶಾನುಭೋಗ

ಬಂದಿದ್ದರೆ ಈಗಲೇ ಗೊತ್ತಾಗುತ್ತಿತ್ತು, ಯಾಕೆಂದರೆ ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಇರಲಿ. ಅಮ್ಮ ಈ ಒಂದೆರಡು ವರ್ಷದಲ್ಲಿ ಬೇರೆ ಎಲ್ಲಾದರೂ ಖಾತೆ ತೆರೆದಿದ್ದಾರಾ ಕೇಳಿ. "ಖಾತೆ" ಅಂತ ಕೇಳಬೇಡಿ, ಅವರಿಗೆ ನೆನಪಾಗಲ್ಲ. "ಎಲ್ಲಾದರೂ ಹೆಬ್ಬೆಟ್ಟು ಒತ್ತಿದ್ಯಾ" ಅಂತ ಕೇಳಿ.

ಮಲ್ಲಿಗೆ_ಮೊಗ್ಗು

ನಮ್ಮ ಸೋದರತ್ತೆಯದು ಬೇರೆ ಕಥೆ, ಆದರೂ ಹೇಳುತ್ತೇನೆ, ಓದುವ ಬೇರೆಯವರಿಗೆ ಬೇಕಾಗಬಹುದು. ಅತ್ತೆಯದು ವಿಧವಾ ವೇತನ, 800 ರೂಪಾಯಿ. ಅದೂ ಹೀಗೇ ನಿಂತಿತು. ಕೇಳಿದರೆ ಕಂಪ್ಯೂಟರಿನಲ್ಲಿ "ಮೃತ" ಅಂತ ಇದೆ! ಅದೇ ಊರಲ್ಲಿ ಅದೇ ಹೆಸರಿನ ಇನ್ನೊಬ್ಬರು ತೀರಿಕೊಂಡಿದ್ದರು, ಇವರ ಹೆಸರಿಗೆ ಗುರುತು ಬಿದ್ದಿತ್ತು. ಫೋನಲ್ಲಿ ನಾನು ಎಷ್ಟು ಹೇಳಿದರೂ "ಮರಣ ಪ್ರಮಾಣಪತ್ರ ತನ್ನಿ" ಅನ್ನುತ್ತಾರೆ. ಯಾರದು ತರಲಿ?

ಕೊನೆಗೆ ಆಟೋ ಮಾಡಿಕೊಂಡು ಅತ್ತೆಯನ್ನೇ ಕರೆದುಕೊಂಡು ಹೋದೆ. ಅತ್ತೆ ಮೇಜಿನ ಮುಂದೆ ನಿಂತು ಸೆರಗು ಸರಿ ಮಾಡಿಕೊಂಡು "ನಾನೇ ಕಣಪ್ಪ ಸತ್ತೋಳು" ಅಂದರು. ಇಡೀ ಸೆಕ್ಷನ್ ನಕ್ಕಿತು, ಆದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ವಿಎ, ಅಂದರೆ ಊರಿನ ಶಾನುಭೋಗರು, ಊರಿಗೆ ಬಂದು ಅಕ್ಕಪಕ್ಕದವರ ಸಹಿ ಹಾಕಿಸಿಕೊಂಡು ಮಹಜರು ಬರೆದು, ಅದು ಆರ್‌ಐ (ಕಂದಾಯ ನಿರೀಕ್ಷಕರು) ಮೂಲಕ ತಹಶೀಲ್ದಾರರಿಗೆ ಹೋಗಿ, ಮತ್ತೆ ಚಾಲೂ ಆಗಲು ಎರಡೂವರೆ ತಿಂಗಳು. ಬದುಕಿರುವವರ ಮೇಲೆ ಮಹಜರು, ಏನು ಹೇಳೋಣ.

ನನ್ನ ಅನುಭವದಲ್ಲಿ ತಾಲ್ಲೂಕು ಕಚೇರಿಯ ಫೋನಿಗೆ ಕಾಯುವುದು ಸುಮ್ನೆ ದಂಡ. ಊರಿನ ವಿಎ ಮೊಬೈಲ್ ನಂಬರ್ ಪಂಚಾಯಿತಿಯಲ್ಲಿ ಸಿಗುತ್ತೆ. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತೆ, ನಮ್ಮೂರಲ್ಲಿ ಇನ್ನೂ ಶಾನುಭೋಗರೇ. ಅವರು ಫೋನ್ ಎತ್ತುತ್ತಾರೆ, ಇಲ್ಲ ಅಂದರೆ ವಾಟ್ಸಾಪಲ್ಲಿ ಆದೇಶದ ಫೋಟೋ ಕಳಿಸಿ.

ಸೇವಾಕೇಂದ್ರದವನು

ನಾನು ಒಂದು ಹಳ್ಳಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇಂದ್ರ ನಡೆಸುತ್ತೇನೆ. ದಿನಕ್ಕೆ ಕಮ್ಮಿ ಅಂದರೂ ಇಂಥ ಒಬ್ಬರು ಅಜ್ಜಿ ಬಂದೇ ಬರುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಅಂದರಲ್ಲ, ಅಲ್ಲೇ ಎಲ್ಲರೂ ಮೋಸ ಹೋಗುವುದು. ಖಾತೆಗೆ ಆಧಾರ್ ಸೇರಿಸುವುದು ಬೇರೆ, ಸರ್ಕಾರದ ದುಡ್ಡು ಈ ಖಾತೆಗೇ ಬರಲಿ ಅಂತ ಎನ್‌ಪಿಸಿಐಯಲ್ಲಿ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆ) ಮ್ಯಾಪ್ ಮಾಡುವುದು, ಅಂದರೆ ಗುರುತು ಹಾಕುವುದು ಬೇರೆ. ಒಬ್ಬರಿಗೆ ಹತ್ತು ಖಾತೆ ಇರಬಹುದು, ಹತ್ತಕ್ಕೂ ಆಧಾರ್ ಕೊಟ್ಟಿರಬಹುದು. ಆದರೆ ಮ್ಯಾಪ್ ಆಗುವುದು ಒಂದು ಬ್ಯಾಂಕಿಗೆ ಮಾತ್ರ, ಕೊನೆಗೆ ಯಾರು ಮಾಡಿದರೋ ಅವರಿಗೆ. ಹೊಸ ಖಾತೆ ತೆರೆಯುವ ಫಾರಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಒಪ್ಪಿಗೆ ಇರುತ್ತೆ, ಏಜೆಂಟು ತಾನೇ ಟಿಕ್ ಹಾಕಿರುತ್ತಾನೆ. ಅಜ್ಜಿಗೆ ಗೊತ್ತೇ ಇಲ್ಲದ ಹಾಗೆ ದುಡ್ಡಿನ ದಾರಿ ಬದಲಾಗುತ್ತೆ.

ಇದನ್ನು ನೋಡುವುದು ಸುಲಭ. ಮೈ ಆಧಾರ್ ವೆಬ್‌ಸೈಟಲ್ಲಿ ಲಾಗಿನ್ ಆಗಿ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಯಾವ ಬ್ಯಾಂಕ್, ಚಾಲ್ತಿ ಇದೆಯಾ ಇಲ್ವಾ, ಯಾವ ದಿನ ಮ್ಯಾಪ್ ಆಯಿತು ಅಂತ ಬರುತ್ತೆ. ಖಾತೆ ನಂಬರ್ ಬರಲ್ಲ, ಬ್ಯಾಂಕಿನ ಹೆಸರು ಮಾತ್ರ. ಸ್ಕ್ರೀನ್‌ಶಾಟ್ ತೆಗೆದಿಡಿ, ಆ ದಿನಾಂಕ ಮುಖ್ಯ. ಹಾಗೆಯೇ ಡಿಬಿಟಿ ಕರ್ನಾಟಕ ಅಂತ ರಾಜ್ಯ ಸರ್ಕಾರದ ಆ್ಯಪ್ ಇದೆ, ಅದರಲ್ಲಿ ಯಾವ ಯೋಜನೆಯ ದುಡ್ಡು ಯಾವ ತಾರೀಕು ಯಾವ ಬ್ಯಾಂಕಿಗೆ ಹೋಯಿತು ಅಂತ ಕಾಣುತ್ತೆ.

ಹಾಸನದ_ಹುಡುಗ

ಇದು ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೆ ಎರಡಕ್ಕೂ ಒಟಿಪಿ ಕೇಳುತ್ತಿದೆ. ಅಮ್ಮನ ಆಧಾರಿಗೆ ಕೊಟ್ಟಿದ್ದು ನನ್ನ ಹಳೇ ನಂಬರ್, ಆ ಸಿಮ್ ಕಳೆದು ನಾಲ್ಕು ವರ್ಷ ಆಯಿತು.

ಸೇವಾಕೇಂದ್ರದವನು

ಪ್ರತಿ ಮನೆಯಲ್ಲೂ ಇದೇ ಕಥೆ. ಮೊದಲು ನಂಬರ್ ಬದಲಿಸಿ. ಆಧಾರ್ ಕೇಂದ್ರಕ್ಕೆ ಹೋಗಬೇಕು ಅಂತೇನೂ ಇಲ್ಲ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಮೊಬೈಲ್ ನಂಬರ್ ಅಪ್‌ಡೇಟ್ ಮಾಡುತ್ತಾರೆ, ಊರಿನ ಪೋಸ್ಟಾಫೀಸಲ್ಲಿ ಕೇಳಿ. ಅಮ್ಮನ ಬೆರಳು ತಗೊಳ್ಳದಿದ್ದರೆ ಗಾಬರಿಯಾಗಬೇಡಿ. ಹೊಲದಲ್ಲಿ ದುಡಿದವರ ಕೈ, ಗೆರೆ ಸವೆದಿರುತ್ತೆ. ಬಿಸಿನೀರಲ್ಲಿ ತೊಳೆದು ಒರೆಸಿ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ ಮತ್ತೆ ಒರೆಸಿ, ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಕೆಲಸ ಮಾಡುತ್ತೆ. ಹೆಬ್ಬೆರಳೇ ಆಗಬೇಕು ಅಂತಲೂ ಇಲ್ಲ, ಬೇರೆ ಬೆರಳು ಕೊಡಬಹುದು. ನಂಬರ್ ಯಾವುದು ಕೊಡುತ್ತೀರೋ ಅದನ್ನು ಮನೆಯಲ್ಲೇ ಇರುವವರ ನಂಬರ್ ಕೊಡಿ, ಅತ್ತಿಗೆಯದೋ ಅಣ್ಣನದೋ. ನಿಮ್ಮದು ಬೇಡ, ಒಟಿಪಿ ಬಂದಾಗ ನೀವು ಶಿಫ್ಟಲ್ಲಿರುತ್ತೀರಿ.

ಕಾನೂನು_ಕಟ್ಟೆ

ಇಷ್ಟೆಲ್ಲಾ ಯಾಕೆ, ಒಂದು ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಲೇಬೇಕು. "ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಪಾವತಿಯಾದ ವಿವರ, ಯಾವ ಬ್ಯಾಂಕಿಗೆ, ವಾಪಸಾಗಿದ್ದರೆ ಕಾರಣ" ಇಷ್ಟು ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಅಷ್ಟು ನೆನಪಿಡಿ. ಗೋಳು ಬರೆಯಬೇಡಿ, ಗೋಳಿಗೆ ಅವರು ಉತ್ತರ ಕೊಡಬೇಕಾಗಿಲ್ಲ, ದಾಖಲೆಗೆ ಕೊಡಬೇಕು.

ನಿವೃತ್ತ_ಶಾನುಭೋಗ

ಆರ್‌ಟಿಐ ಒಳ್ಳೆಯದೇ, ಆದರೆ ಅದು ಕೊನೆಗಿರಲಿ. ಒಂದು ಸಲ ಆರ್‌ಟಿಐ ಬಂತು ಅಂದರೆ ಕೇಸ್‌ವರ್ಕರ್ ಕೈಕಾಲು ಆಡಿಸುವುದನ್ನೇ ನಿಲ್ಲಿಸುತ್ತಾನೆ, ಎಲ್ಲವೂ ಕಾಗದದಲ್ಲೇ ನಡೆಯುತ್ತೆ. ನಾನೂ ಆ ಕುರ್ಚಿಯಲ್ಲಿ ಕೂತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಫೋನೇ ಬೇಕು ಅಂದರೆ 1902ಕ್ಕೆ ಮಾಡಿ. ಜನಸ್ಪಂದನ ಸಹಾಯವಾಣಿ, ಬೆಂಗಳೂರಿಂದಲೇ ಮಾಡಬಹುದು. ಅಲ್ಲಿ ಫೋನ್ ಎತ್ತಿದವರು ಕೆಲಸ ಮಾಡಿಕೊಡಲ್ಲ, ಅದು ಮೊದಲೇ ತಿಳಿದಿರಲಿ. ದೂರು ದಾಖಲಿಸಿ ಒಂದು ನಂಬರ್ ಕೊಡುತ್ತಾರೆ. ದೂರು ಅದೇ ತಾಲ್ಲೂಕು ಕಚೇರಿಗೇ ಹೋಗುತ್ತೆ. ಅಲ್ಲಿಗೇ ಹೋಗುವುದಾದರೆ ಏನು ಪ್ರಯೋಜನ ಅಂದಿರಾ? ಈಗ ಅದಕ್ಕೆ ಒಂದು ನಂಬರ್ ಇದೆ, ತಹಶೀಲ್ದಾರರ ಬಾಕಿ ಪಟ್ಟಿಯಲ್ಲಿ ಕಾಣಿಸುತ್ತೆ. ದೂರಿನಲ್ಲಿ "ಪಿಂಚಣಿ ಬಂದಿಲ್ಲ" ಅಂತ ಬರೆಸಬೇಡಿ. ಆದೇಶದ ನಂಬರ್, ಕೊನೆಗೆ ಹಣ ಬಂದ ತಾರೀಕು, ಕೇಸ್‌ವರ್ಕರ್ "ಆ್ಯಕ್ಟಿವ್ ಇದೆ" ಅಂದ ತಾರೀಕು, ಈ ಮೂರು ಬರೆಸಿ. ಇಲ್ಲದಿದ್ದರೆ "ಅರ್ಜಿದಾರರು ಕಚೇರಿಗೆ ಬಂದು ವಿಚಾರಿಸುವುದು" ಅಂತ ಒಂದು ಸಾಲು ಬರೆದು ಮುಚ್ಚಿಬಿಡುತ್ತಾರೆ. ಮುಚ್ಚಿದರೂ ಬಿಡಬೇಡಿ, ಮತ್ತೆ ಹಾಕಿ.

ಕಚೇರಿಗೆ ಹೋಗುವಾಗ ಒಂದು ವಿಷಯ. ಬಾಯಲ್ಲಿ ಕೇಳಿಕೊಂಡು ವಾಪಸ್ ಬರಬೇಡಿ. ಬಿಳಿ ಹಾಳೆಯಲ್ಲಿ ತಹಶೀಲ್ದಾರರಿಗೆ ಒಂದು ಅರ್ಜಿ ಬರೆದು ಎರಡು ಪ್ರತಿ ಮಾಡಿ ಟಪಾಲು ಸೆಕ್ಷನ್‌ನಲ್ಲಿ ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿ ತಾರೀಕು ಬರೆಸಿಕೊಳ್ಳಿ. ಸೆಕ್ಷನ್ ಮುಚ್ಚಿದ್ದರೆ ಶಿರಸ್ತೇದಾರರ ಹತ್ತಿರ ಹೋಗಿ. ಮತ್ತೆ ದಯವಿಟ್ಟು ಎರಡನೇ, ನಾಲ್ಕನೇ ಶನಿವಾರ ಹೋಗಬೇಡಿ, ರಜೆ. ಎಷ್ಟು ಜನ ಬಸ್ ಚಾರ್ಜ್ ದಂಡ ಮಾಡಿಕೊಂಡು ಬಂದು ಗೇಟಿಗೆ ಕೈ ಮುಗಿದು ಹೋಗಿದ್ದಾರೆ.

ಹಾಸನದ_ಹುಡುಗ (24 ದಿನದ ನಂತರ)

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಆದದ್ದು ಬರೆಯುತ್ತೇನೆ.

ಅಮ್ಮನಿಗೆ ಫೋನ್ ಮಾಡಿ ಶಾನುಭೋಗ ಸರ್ ಹೇಳಿದ ಹಾಗೇ ಕೇಳಿದೆ. "ಹೆಬ್ಬೆಟ್ಟಾ? ಸಂಘದ ಸಾಲಕ್ಕೆ ಒತ್ತಿದ್ದೆನಲ್ಲ, ಅಂಗನವಾಡಿ ಹತ್ರ ಬಂದಿದ್ರಲ್ಲ" ಅಂದಳು. ಹಸು ತರಲು ಸಂಘದಲ್ಲಿ ಸಾಲ ತಗೊಂಡಿದ್ದಳು, ಅದಕ್ಕೆ ಬೇರೆ ಬ್ಯಾಂಕಿನವರು ಊರಿಗೇ ಬಂದು ಎಲ್ಲರಿಗೂ ಖಾತೆ ಮಾಡಿಕೊಟ್ಟಿದ್ದರಂತೆ. ಪಾಸ್‌ಬುಕ್ ಎಲ್ಲಿ ಅಂದರೆ ಗೊತ್ತಿಲ್ಲ. ಅತ್ತಿಗೆ ಇಡೀ ದಿನ ಹುಡುಕಿ ಕೊನೆಗೆ ದೇವರ ಗೂಡಲ್ಲಿ, ಪಂಚಾಂಗದ ಒಳಗೆ ಸಿಕ್ಕಿತು. ಒಂದು ಎಂಟ್ರಿಯೂ ಇಲ್ಲದ ಹೊಸ ಪಾಸ್‌ಬುಕ್.

ಪೋಸ್ಟ್‌ಮ್ಯಾನ್ ಬಂದು ಅಣ್ಣನ ನಂಬರ್ ಹಾಕಿಕೊಟ್ಟರು. ಹೆಬ್ಬೆರಳು ತಗೊಳ್ಳಲಿಲ್ಲ, ಎಣ್ಣೆ ಹಚ್ಚಿದರೂ ಇಲ್ಲ, ಕೊನೆಗೆ ಎಡಗೈ ಉಂಗುರದ ಬೆರಳು ತಗೊಂಡಿತು. ನಂಬರ್ ಚಾಲೂ ಆದ ಮೇಲೆ ಸೀಡಿಂಗ್ ಸ್ಟೇಟಸ್ ನೋಡಿದರೆ ಆ ಸಂಘದ ಬ್ಯಾಂಕೇ. ಮ್ಯಾಪ್ ಆದ ದಿನಾಂಕ ನೋಡಿ, ಪಿಂಚಣಿ ನಿಲ್ಲುವುದಕ್ಕೆ ಸರಿಯಾಗಿ ಹನ್ನೊಂದು ದಿನ ಮುಂಚೆ!

ಆ ಬ್ಯಾಂಕಿಗೆ ಅಣ್ಣ ಅಮ್ಮನನ್ನು ಕರೆದುಕೊಂಡು ಹೋದ. ನಾಲ್ಕು ತಿಂಗಳ ದುಡ್ಡು ಅಲ್ಲೇ ಕೂತಿತ್ತು, 4800. ಅದರಲ್ಲಿ ಎಸ್‌ಎಂಎಸ್ ಚಾರ್ಜ್ ಅಂತ ಸ್ವಲ್ಪ ಹಿಡಿದುಕೊಂಡಿದ್ದರು. ಅಮ್ಮನ ಹತ್ತಿರ ಮೊಬೈಲೇ ಇಲ್ಲ, ಎಸ್‌ಎಂಎಸ್ ಯಾರಿಗೆ ಹೋಯಿತೋ ದೇವರಿಗೇ ಗೊತ್ತು. ಮಿಕ್ಕ ಮೂರು ತಿಂಗಳದು ಬಂದಿಲ್ಲ, ಯಾಕೆಂದರೆ ಕೆವೈಸಿ (ಗುರುತು, ವಿಳಾಸದ ದಾಖಲೆ) ಬಾಕಿ ಅಂತ ಖಾತೆಯನ್ನೇ ನಿಲ್ಲಿಸಿದ್ದರು, ಹಣ ವಾಪಸ್ ಹೋಗಿದೆ. ಕೆವೈಸಿ ಕೊಟ್ಟು 4800ರಲ್ಲಿ ಉಳಿದದ್ದನ್ನು ಬಿಡಿಸಿಕೊಂಡರು. ಆಮೇಲೆ ಅಮ್ಮನ ಹಳೇ ಬ್ಯಾಂಕಿಗೆ ಹೋಗಿ, "ಲಿಂಕ್" ಅನ್ನದೆ "ಎನ್‌ಪಿಸಿಐ ಮ್ಯಾಪಿಂಗ್ ನಿಮಗೆ ಬದಲಿಸಿ" ಅಂತಲೇ ಕೇಳಿ ಫಾರಂ ಕೊಟ್ಟರು. ಮೊದಲ ದಿನ "ಆಗಿದೆ" ಅಂದರು, ಮನೆಗೆ ಬಂದು ನೋಡಿದರೆ ಆಗಿರಲಿಲ್ಲ. ಅಣ್ಣ ಮಾರನೆಯ ದಿನ ಸ್ಕ್ರೀನ್‌ಶಾಟ್ ತೋರಿಸಿದ ಮೇಲೆ ಎರಡು ದಿನಕ್ಕೆ ಬದಲಾಯಿತು.

1902 ದೂರನ್ನು ಸರ್ ಹೇಳಿದ ಹಾಗೇ "ಕಚೇರಿಗೆ ಬಂದು ವಿಚಾರಿಸುವುದು" ಅಂತ ಮುಚ್ಚಿದ್ದಾರೆ, ಅಕ್ಷರ ಅಕ್ಷರ ಅದೇ ಸಾಲು, ಓದಿ ನಗು ಬಂತು. ಎರಡನೇ ಸಲ ಹಾಕಿದ್ದೇನೆ. ವಾಪಸ್ ಹೋದ 3600ಕ್ಕೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಟಪಾಲು ಸೆಕ್ಷನ್ ಸೀಲು ಹಾಕಿಸಿಕೊಂಡು ಬಂದಿದ್ದಾನೆ ಅಣ್ಣ. ಕೇಸ್‌ವರ್ಕರ್ ಈ ಸಲ ಸ್ಕ್ರೀನ್‌ಶಾಟ್ ನೋಡಿ ಕೂತುಕೊಳ್ಳಿ ಅಂದರಂತೆ, ಮತ್ತೆ ಕಳಿಸಲು ಬರೆಯುತ್ತೇನೆ ಅಂದರಂತೆ. ಈ ತಿಂಗಳ 1200 ಮೊನ್ನೆ ಹಳೇ ಪಾಸ್‌ಬುಕ್ಕಿಗೆ ಬಂತು. ಅಮ್ಮ ಎಂಟ್ರಿ ಮಾಡಿಸಿಕೊಂಡು ಬಂದು "ಸಂಬಳ ಆಯ್ತು, 3600 ಇನ್ನೂ ಬರ್ಬೇಕು ಅಲ್ವಾ, ಮರೀಬೇಡ" ಅಂತ ಫೋನ್ ಮಾಡಿದ್ದಳು.

ಸೇವಾಕೇಂದ್ರದವನು

ಸಂತೋಷ. ಇನ್ನು ಮೇಲೆ ಊರಿಗೆ ಯಾರಾದರೂ ಖಾತೆ ತೆರೆಯಲು ಬಂದರೆ ಸರ್ಕಾರದ ಹಣ ಈ ಖಾತೆಗೆ ಬರಲಿ ಅನ್ನುವ ಜಾಗದಲ್ಲಿ ಟಿಕ್ ಹಾಕಿಸಬೇಡಿ ಅಂತ ಅತ್ತಿಗೆಗೆ ಹೇಳಿಡಿ. ಸಂಘದಲ್ಲಿ ಒಟ್ಟಿಗೆ ಹೆಬ್ಬೆಟ್ಟು ಒತ್ತಿದ ಬೇರೆ ಅಜ್ಜಿಯಂದಿರದೂ ನೋಡಿಸಿ, ಅವರದೂ ಅಲ್ಲೇ ಕೂತಿರುತ್ತೆ.

ಹಾಸನದ_ಹುಡುಗ

ಹೌದು! ಇನ್ನೂ ಇಬ್ಬರದು ಸಿಕ್ಕಿತು. ಒಬ್ಬರದು ವಿಧವಾ ವೇತನ. ಅಣ್ಣ ಈಗ ಊರಲ್ಲಿ ಅದೇ ಕೆಲಸದಲ್ಲಿದ್ದಾನೆ.

ನಿವೃತ್ತ_ಶಾನುಭೋಗ

ಸೀಲು ಹಾಕಿದ ಪ್ರತಿಯ ಜೆರಾಕ್ಸ್ ಒಂದು ಊರಲ್ಲಿರಲಿ, ಒಂದು ನಿಮ್ಮ ಹತ್ತಿರ ಇರಲಿ. ಒಂದು ತಿಂಗಳು ನೋಡಿ. 3600 ಬರದಿದ್ದರೆ ಆಗ ಕಾನೂನು ಕಟ್ಟೆಯವರ ಆರ್‌ಟಿಐ ಹಾಕಿ, ಅರ್ಜಿ ಬರೆದು ಇಲ್ಲಿ ಹಾಕಿದರೆ ನಾನೂ ಒಂದು ಸಲ ನೋಡಿಕೊಡುತ್ತೇನೆ.